ಯೋಧನ ಅಂತ್ಯಕ್ರಿಯೆಯಲ್ಲಿ ತ್ರಿವರ್ಣ ಧ್ವಜ ಮಡಿಸುವ ಕ್ರಮ, ಅದರ ಅರ್ಥ

ಯೋಧನ ಪಾರ್ಥಿವ ಶರೀರ ಊರಿಗೆ ಬಂದಾಗ ಧ್ವಜದ ವಿಷಯದಲ್ಲಿ ಮಾಡಬೇಕಾದದ್ದು ಮೂರು ಕೆಲಸ: ಸರಿಯಾಗಿ ಹೊದಿಸುವುದು, ಚಿತೆಗೆ ಅಥವಾ ಗುಂಡಿಗೆ ಇಳಿಸುವ ಮುನ್ನ ತೆಗೆದು ಮಡಿಸುವುದು, ಮನೆಯವರ ಕೈಗೆ ಒಪ್ಪಿಸುವುದು. ಸೇನೆಯ ತುಕಡಿ ಬಂದಿದ್ದರೆ ಅವರೇ ಎಲ್ಲವನ್ನೂ ನಡೆಸುತ್ತಾರೆ. ಆದರೂ ಜನಜಂಗುಳಿಯಲ್ಲಿ ಎನ್‌ಸಿಸಿ ಕೆಡೆಟ್‌ಗಳು, ಮಾಜಿ ಸೈನಿಕರು, ತಾಲ್ಲೂಕು ಆಡಳಿತದ ಸಿಬ್ಬಂದಿ ಕೈಜೋಡಿಸಬೇಕಾದ ಸಂದರ್ಭ ಬರುತ್ತದೆ. ಅಂಥವರು ಮೊದಲೇ ಅಭ್ಯಾಸ ಮಾಡಿಕೊಂಡಿರಲಿ ಎಂದೇ ಇಷ್ಟು ವಿವರ.

ಮೊದಲು ಕಾನೂನು. 1971ರ ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆ ಕಾಯ್ದೆಯ ಪ್ರಕಾರ ಧ್ವಜವನ್ನು ಹೊದಿಕೆಯಾಗಿ ಬಳಸುವಂತಿಲ್ಲ. ಸರ್ಕಾರಿ ಗೌರವದ ಅಂತ್ಯಕ್ರಿಯೆ, ಸಶಸ್ತ್ರ ಪಡೆ ಮತ್ತು ಅರೆಸೇನಾ ಪಡೆಗಳ ಅಂತ್ಯಕ್ರಿಯೆಗೆ ಮಾತ್ರ ವಿನಾಯಿತಿ. 2019ರ ಪುಲ್ವಾಮಾ ದಾಳಿಯಲ್ಲಿ ಮಡಿದ ಸಿಆರ್‌ಪಿಎಫ್ ಯೋಧರಿಗೆ ಧ್ವಜ ಹೊದಿಸಿದ್ದು ಇದೇ ವಿನಾಯಿತಿಯಲ್ಲಿ. ಪ್ರೀತಿಯಿಂದಲೇ ಆದರೂ ಬೇರೆಯವರಿಗೆ ತಾವಾಗಿಯೇ ಹೊದಿಸಿದರೆ ಅದು ಅಪರಾಧ. ಮೂರು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು.

ಧ್ವಜದ ಅಳತೆ ತಿಳಿದಿದ್ದರೆ ಮಡಿಕೆ ಸುಲಭ. ಇಂಥ ಸಂದರ್ಭಕ್ಕೆ ಬಳಸುವುದು ಸಾಮಾನ್ಯವಾಗಿ 6 ಅಡಿ ಉದ್ದ, 4 ಅಡಿ ಅಗಲದ್ದು. ಮಾನಕದ ಲೆಕ್ಕದಲ್ಲಿ 1800 ಮತ್ತು 1200 ಮಿಲಿಮೀಟರ್. ಪ್ರತಿ ಬಣ್ಣದ ಪಟ್ಟಿ 400 ಮಿಮೀ. ನಡುವಿನ 24 ಅರಗಳ ಚಕ್ರದ ವ್ಯಾಸ 370 ಮಿಮೀ. ಅಂದರೆ ಚಕ್ರದ ಮೇಲೆ ಮತ್ತು ಕೆಳಗೆ ಬಿಳಿ ಉಳಿಯುವುದು ತಲಾ 15 ಮಿಮೀ ಮಾತ್ರ, ಒಂದು ಬೆರಳಿನಗಲ. ಮಡಿಕೆ ಅಷ್ಟು ಒಳಗೆ ಸರಿದರೂ ಚಕ್ರ ಮುರಿದಂತೆ ಕಾಣುತ್ತದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುವ ಖಾದಿ ಧ್ವಜವಾದರೆ ಬಟ್ಟೆ ದಪ್ಪ, ಗೆರೆ ಚೆನ್ನಾಗಿ ನಿಲ್ಲುತ್ತದೆ. ಪಾಲಿಯೆಸ್ಟರ್ ಜಾರುತ್ತದೆ, ಪ್ರತಿ ಮಡಿಕೆಯನ್ನೂ ಅಂಗೈಯಿಂದ ಒತ್ತಿ ಹಿಡಿಯಬೇಕು.

ಹೊದಿಸುವಾಗಲೇ ಹೆಚ್ಚಿನ ತಪ್ಪು ಆಗುವುದು. ಧ್ವಜ ಸಂಹಿತೆಯ ಮಾತು ಸ್ಪಷ್ಟ: ಕೇಸರಿ ತಲೆಯ ಕಡೆಗೆ ಬರಬೇಕು. ಹಾಗಾದರೆ ಪಟ್ಟಿಗಳು ಪೆಟ್ಟಿಗೆಗೆ ಅಡ್ಡಲಾಗಿ ಬೀಳುತ್ತವೆ: ತಲೆಯತ್ತ ಕೇಸರಿ, ನಡುವೆ ಬಿಳಿ, ಕಾಲಿನತ್ತ ಹಸಿರು. ಪೆಟ್ಟಿಗೆ ಉದ್ದ, ಧ್ವಜವೂ ಉದ್ದ ಎಂದು ಉದ್ದಕ್ಕೆ ಉದ್ದ ಹಾಸಿಬಿಟ್ಟರೆ ಕೇಸರಿ ಪಕ್ಕಕ್ಕೆ ಹೋಗುತ್ತದೆ. ಅಡ್ಡ ಹಾಸಿದಾಗ ಎರಡೂ ಬದಿ ಇಳಿಬೀಳುವ ಅಂಚು ನೆಲಕ್ಕಾಗಲಿ ವಾಹನದ ತಳಕ್ಕಾಗಲಿ ತಾಗದಂತೆ ನೋಡಿಕೊಳ್ಳಿ. ಪೆಟ್ಟಿಗೆ ಬರುವ ಮೊದಲೇ ತಲೆ ಯಾವ ಕಡೆ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಮುಚ್ಚಿದ ಪೆಟ್ಟಿಗೆಯಲ್ಲಿ ಊಹಿಸಬೇಡಿ.

ಅಂತಿಮ ದರ್ಶನದ ಹೊತ್ತಿಗೆ ಹಾರ, ಬಿಡಿ ಹೂವು, ಅರಿಸಿನ, ಕುಂಕುಮ ಎಲ್ಲವೂ ಬೀಳುತ್ತವೆ. ದುಃಖದಲ್ಲಿರುವ ತಾಯಿಯ ಕೈ ತಡೆಯಲಾಗದು, ತಡೆಯಲೂಬಾರದು. ಆದರೆ ಹಾರಗಳಿಗೆ ಪಕ್ಕದಲ್ಲೇ ಒಂದು ಮೇಜು ಇಟ್ಟರೆ ಹೆಚ್ಚಿನವು ಅಲ್ಲಿಗೇ ಹೋಗುತ್ತವೆ. ಧ್ವಜ ತೆಗೆಯುವ ಮುನ್ನ ಇಬ್ಬರು ಒಂದೊಂದೇ ಎಸಳನ್ನು ಆರಿಸಿ ತೆಗೆಯಲಿ. ಒದ್ದೆ ಹೂವನ್ನು ಒಳಗಿಟ್ಟು ಮಡಿಸಿದರೆ ವಾರದೊಳಗೆ ಬಿಳಿ ಪಟ್ಟಿಯಲ್ಲಿ ಕಂದು ಕಲೆ ಮೂಡುತ್ತದೆ. ಕುಂಕುಮ ಬಿದ್ದಿದ್ದರೆ ಉಜ್ಜಬೇಡಿ. ಬಟ್ಟೆಯನ್ನು ಬಿಗಿ ಹಿಡಿದು ಮೆಲ್ಲಗೆ ಕೊಡವಿ.

ಧ್ವಜವನ್ನು ಗುಂಡಿಗೆ ಇಳಿಸುವಂತಿಲ್ಲ, ಚಿತೆಯಲ್ಲಿ ಸುಡುವಂತಿಲ್ಲ. ಲಿಂಗಾಯತ ಪದ್ಧತಿಯಂತೆ ಕೂರಿಸಿ ಸಮಾಧಿ ಮಾಡುವಲ್ಲಿ ಪೆಟ್ಟಿಗೆ ತೆರೆಯುವ ಮೊದಲೇ ಧ್ವಜ ಬೇರೆಯಾಗಿರಬೇಕು.

ಮಡಿಸಲು ಆರು ಜನ ಬೇಕು, ಪೆಟ್ಟಿಗೆಯ ಎರಡೂ ಬದಿಗೆ ಮೂವರಂತೆ. ಪ್ರತಿ ಬದಿಯಲ್ಲೂ ಒಬ್ಬರು ಕೇಸರಿಯ ಮೂಲೆ, ಒಬ್ಬರು ಬಿಳಿಯ ಅಂಚು, ಒಬ್ಬರು ಹಸಿರಿನ ಮೂಲೆ ಹಿಡಿಯಲಿ. ಒಬ್ಬರೇ ತಗ್ಗಿದ ದನಿಯಲ್ಲಿ ಸೂಚನೆ ಕೊಡಲಿ, ಉಳಿದವರು ಮಾತಾಡುವುದು ಬೇಡ. ಆರೂ ಜನ ಒಟ್ಟಿಗೆ ಸೊಂಟದೆತ್ತರಕ್ಕೆ ಎತ್ತಿ, ಬಟ್ಟೆ ಜೋಲದಂತೆ ಬಿಗಿಯಾಗಿ ಹಿಡಿದು, ಪೆಟ್ಟಿಗೆಯಿಂದ ನಾಲ್ಕು ಹೆಜ್ಜೆ ಆಚೆ ಸರಿಯಬೇಕು. ಗಾಳಿ ಇದ್ದರೆ ಬಟ್ಟೆ ಉಬ್ಬಿ ನಡುವಿನಿಂದ ಏಳುತ್ತದೆ. ಆಗ ಎತ್ತರ ಇಳಿಸಬೇಡಿ, ಬಿಗಿ ಹೆಚ್ಚಿಸಿ.

ಈಗ ಕೇಸರಿ ಹಿಡಿದ ಇಬ್ಬರು ತಮ್ಮ ಪಟ್ಟಿಯನ್ನು ಬಿಳಿಯ ಕೆಳಗೆ ತರುತ್ತಾರೆ. ಗೆರೆ ಸರಿಯಾಗಿ ಎರಡು ಬಣ್ಣ ಕೂಡುವಲ್ಲಿ ಬೀಳಬಾರದು. ಸುಮಾರು 50 ಮಿಮೀ, ಅಂದರೆ ಮೂರು ಬೆರಳಿನಗಲ ಕೇಸರಿ ಮೇಲೆ ಕಾಣುವಂತೆ ಬಿಡಿ. ಆಮೇಲೆ ಹಸಿರು ಹಿಡಿದವರು ಅದೇ ರೀತಿ, ಅಷ್ಟೇ ಅಂಚು ಬಿಟ್ಟು, ಕೆಳಗಿನಿಂದ ತಂದು ಕೇಸರಿಯ ಅಡಿಗೆ ಹೊಂದಿಸುತ್ತಾರೆ. ಕೆಳಗೆ ಎರಡೂ ಪಟ್ಟಿಗಳು ಸುಮಾರು 200 ಮಿಮೀ ಒಂದರ ಮೇಲೊಂದು ಬರುತ್ತವೆ. ಅಲ್ಲಿ ಸುಕ್ಕು ಉಳಿದರೆ ಮೇಲಿನ ಚಕ್ರ ಉಬ್ಬಿದಂತೆ ಕಾಣುವುದರಿಂದ ಕೈಯಾಡಿಸಿ ಸಮ ಮಾಡಿ. ಈಗ ಕೈಯಲ್ಲಿರುವುದು 1800 ಮಿಮೀ ಉದ್ದ, 500 ಮಿಮೀ ಅಗಲದ ಪಟ್ಟಿ.

ಮುಂದಿನದು ಎರಡು ತುದಿಯವರ, ಅಂದರೆ ಬಿಳಿಯ ಅಂಚು ಹಿಡಿದ ಇಬ್ಬರ ಕೆಲಸ. ಉಳಿದ ನಾಲ್ವರು ನಡುವಿನ ಭಾಗವನ್ನು ಅಂಗೈ ಮೇಲೆ ಹೊತ್ತಿರಲಿ. ತುದಿಯವರು ಒಂದೊಂದು ಹೆಜ್ಜೆ ಮುಂದಿಟ್ಟು, ತುದಿಗಳನ್ನು ಕೆಳಗಿನಿಂದ ಚಕ್ರದ ಅಡಿಗೆ ತಂದು ಕೂಡಿಸಿದರೆ ಪಟ್ಟಿ 900 ಆಗುತ್ತದೆ. ಮತ್ತೊಮ್ಮೆ ಹಾಗೆಯೇ ಮಾಡಿದರೆ 450. ಚಕ್ರದ ಎಡಕ್ಕೂ ಬಲಕ್ಕೂ 40 ಮಿಮೀ ಬಿಳಿ, ಮೇಲೆ ಕೇಸರಿಯ ಅಂಚು, ಕೆಳಗೆ ಹಸಿರಿನ ಅಂಚು. ಇಬ್ಬರೂ ಒಂದೇ ವೇಗದಲ್ಲಿ ಬರದಿದ್ದರೆ ಚಕ್ರ ಒಂದು ಬದಿಗೆ ಓಲುತ್ತದೆ. ಆಗ ಎಳೆದು ಸರಿಪಡಿಸಲು ಹೋಗದೆ ಕೊನೆಯ ಮಡಿಕೆಯನ್ನಷ್ಟೇ ಬಿಚ್ಚಿ ಮತ್ತೆ ಮಡಿಸಿ. ಕಂಬಕ್ಕೆ ಕಟ್ಟುವ ಹಗ್ಗ ಒಂದು ತುದಿಯಲ್ಲಿರುತ್ತದೆ. ಅದನ್ನು ಮೊದಲ ಮಡಿಕೆಯೊಳಗೇ ಚಪ್ಪಟೆಯಾಗಿ ಇಟ್ಟುಬಿಡಿ, ಹೊರಗೆ ನೇತಾಡಬಾರದು. ಧ್ವಜ ಬೇರೆ ಅಳತೆಯದಾದರೂ ವಿಧಾನ ಇದೇ.

ಪ್ರತಿ ಮಡಿಕೆಗೂ ಒಂದೊಂದು ಅರ್ಥವಿದೆಯೇ ಎಂದು ಹಲವರು ಕೇಳುತ್ತಾರೆ. ಆ ಕಲ್ಪನೆ ಬಂದದ್ದು ಅಮೆರಿಕದಿಂದ. ಅಲ್ಲಿ 5 ಅಡಿ ಅಗಲ, ಒಂಬತ್ತೂವರೆ ಅಡಿ ಉದ್ದದ ಧ್ವಜವನ್ನು 13 ಮಡಿಕೆಗಳಲ್ಲಿ ತ್ರಿಕೋನವಾಗಿಸಿ, ನೀಲಿಯ ಮೇಲಿನ ನಕ್ಷತ್ರಗಳು ಮಾತ್ರ ಕಾಣುವಂತೆ ಮಾಡುತ್ತಾರೆ. 13 ಮಡಿಕೆಗಳಿಗೂ ಅರ್ಥ ಹೇಳುವ ಪಾಠ ಪ್ರಚಾರದಲ್ಲಿದೆ, ಆದರೆ ಅಲ್ಲಿನ ಧ್ವಜ ಕಾನೂನಿನಲ್ಲಿ ಅದಿಲ್ಲ. ಸಿನಿಮಾ ನೋಡಿ ನಮ್ಮ ಧ್ವಜವನ್ನು ತ್ರಿಕೋನ ಮಾಡಲು ಹೋಗಬೇಡಿ. ಓರೆ ಮಡಿಕೆ ಚಕ್ರದ ಮೇಲೆಯೇ ಹಾದುಹೋಗುತ್ತದೆ.

ನಮ್ಮಲ್ಲಿ ಅರ್ಥವಿರುವುದು ಮಡಿಕೆಗಳ ಎಣಿಕೆಯಲ್ಲಿ ಅಲ್ಲ, ಕೊನೆಗೆ ಮೇಲೆ ಉಳಿಯುವುದರಲ್ಲಿ. ಧ್ವಜದ ಬಣ್ಣಗಳನ್ನು ವಿವರಿಸುತ್ತಾ ಎಸ್. ರಾಧಾಕೃಷ್ಣನ್ ಕೇಸರಿಯನ್ನು ತ್ಯಾಗಕ್ಕೆ, ಬಿಳಿಯನ್ನು ಸತ್ಯದ ದಾರಿ ತೋರುವ ಬೆಳಕಿಗೆ, ಹಸಿರನ್ನು ಮಣ್ಣಿನ ಜೊತೆಗಿನ ನಂಟಿಗೆ ಹೋಲಿಸಿದರು. ಚಕ್ರ ಧರ್ಮದ್ದು, ಚಲನೆಯದ್ದು; ನಿಂತಲ್ಲಿ ಸಾವು, ಚಲನೆಯಲ್ಲಿ ಬದುಕು ಎಂಬುದು ಅವರ ಮಾತಿನ ತಿರುಳು. ಅಂತ್ಯಕ್ರಿಯೆಯ ದಿನ ಮನೆಯವರ ಕಣ್ಣಿಗೆ ಬೀಳುವುದು ಆ ಚಕ್ರವೇ. ಅದು ಇಡಿಯಾಗಿ, ನೇರವಾಗಿ ಕಾಣಲಿ ಎಂದೇ ಇಷ್ಟೆಲ್ಲ ಅಳತೆ.

ಮಡಿಸಿದ ಧ್ವಜವನ್ನು ಎರಡೂ ಅಂಗೈ ಮೇಲೆ ಇಟ್ಟುಕೊಂಡು ಹೋಗಬೇಕು, ಕಂಕುಳಲ್ಲಿ ಇರುಕಿಕೊಳ್ಳುವಂತಿಲ್ಲ. ಪಡೆಯುವವರಿಗೆ ಕೇಸರಿ ಮೇಲಾಗಿ ಕಾಣುವಂತೆ ತಿರುಗಿಸಿ ಕೊಡಿ. ಯಾರ ಕೈಗೆ ಕೊಡಬೇಕು, ಪತ್ನಿಗೋ ತಾಯಿಗೋ ಎಂಬುದನ್ನು ಮನೆಯ ಹಿರಿಯರೊಡನೆ ಮೊದಲೇ ಮಾತಾಡಿಕೊಳ್ಳಿ. ಆ ಕ್ಷಣದಲ್ಲಿ ಎದುರಿಗೆ ಕೇಳುವುದು ಕ್ರೂರ. ಕುಳಿತಿದ್ದರೆ ಕೊಡುವವರು ಬಾಗಬೇಕು. ಅವರ ಕೈಗಳು ಗಟ್ಟಿಯಾಗಿ ಹಿಡಿದವೆಂದು ತಿಳಿದ ಮೇಲೆಯೇ ನಿಮ್ಮ ಕೈ ತೆಗೆಯಿರಿ. ಎಷ್ಟೋ ಸಲ ಆ ಕೈಗಳು ನಡುಗುತ್ತಿರುತ್ತವೆ.

ಮನೆಗೆ ಹೋದ ಮೇಲೆ ಒಮ್ಮೆ ಬಿಚ್ಚಿ ನೆರಳಿನಲ್ಲಿ ಪೂರ್ತಿ ಆರಿಸಿ ಮತ್ತೆ ಇದೇ ಕ್ರಮದಲ್ಲಿ ಮಡಿಸಲು ಹೇಳಿ. ಮಂಜು, ಬೆವರು, ಕಣ್ಣೀರು ತಾಗಿದ ಖಾದಿ ಬೂಸ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಚೀಲ ಬೇಡ, ಒಗೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಲಿ. ಗಾಜಿನ ಚೌಕಟ್ಟು ಹಾಕಿಸುವುದಾದರೆ ಒಳ ಅಳತೆ 500 ಅಗಲ, 550 ಎತ್ತರ ಇದ್ದರೆ ಸಾಕು. ಗಾಜು ಬಟ್ಟೆಗೆ ಒತ್ತದಷ್ಟು ಆಳ ಬಿಡಿಸಿ, ಕೇಸರಿ ಮೇಲಿರುವಂತೆ, ಬಿಸಿಲು ನೇರ ಬೀಳದ ಗೋಡೆಗೆ ಹಾಕಿಸಿ.