ಹಳೇ ಸ್ಪೋರ್ಟ್ಸ್ ಕಾರ್ ತಗ್ಗಿಸೋ ಮುಂಚೆ ಮುಂದಿನ ಸಸ್ಪೆನ್ಷನ್ನ ಪೇಪರ್ ಮೇಲೆ ಎಳೆದು ನೋಡಿ

ಕಾರ್ ತಗ್ಗಿಸಿದ್ರೆ ತಿರುವಲ್ಲಿ ವಾಲೋದು ಕಮ್ಮಿ ಆಗತ್ತೆ ಅಂತ ಎಷ್ಟೋ ದಿನ ನಂಬಿದ್ದೆ, ಒಂದ್ಸಲ ಕೂತ್ಕೊಂಡು ಗೆರೆ ಎಳೆದು ನೋಡಿದ್ಮೇಲೆ ಗೊತ್ತಾಯ್ತು, ಕಾರಿಗಿಂತ ರೋಲ್ ಸೆಂಟರ್ರೇ (ಬಾಡಿ ಯಾವ ಬಿಂದು ಸುತ್ತ ವಾಲತ್ತೋ ಅದು) ಬೇಗ ನೆಲಕ್ಕೆ ಇಳಿಯತ್ತೆ. ಇಲ್ಲಿ ಹೇಳ್ತಿರೋದು ಡಾಟ್ಸನ್ 240ಝಡ್ ಥರ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದೇ ಕಂಬದಲ್ಲಿ, ಕೆಳಗೆ ಮಾತ್ರ ಒಂದು ಆರ್ಮ್) ಇರೋ ಗಾಡಿಗೆ.

ಮೊದಲು ಅಳತೆ. ಸಮತಟ್ಟಾದ ನೆಲ ಬೇಕು, ಟೈರ್ ಗಾಳಿ ಸರಿ ಇರಬೇಕು. ದಾರಕ್ಕೆ ಒಂದು ನಟ್ ಕಟ್ಟಿ ಇಳಿಬಿಟ್ಟು ಕಾರಿನ ನಡುಗೆರೆನ ನೆಲದ ಮೇಲೆ ಚಾಕ್‌ಪೀಸಲ್ಲಿ ಗುರುತು ಮಾಡಿ. ಆಮೇಲೆ ಲೋವರ್ ಆರ್ಮ್ ಒಳಗಿನ ಬೋಲ್ಟ್, ಅದರ ಹೊರತುದಿಯ ಬಾಲ್ ಜಾಯಿಂಟ್, ಸ್ಟ್ರಟ್ ಮೇಲ್ಗಡೆ ಬಾಡಿಗೆ ಸೇರೋ ಟಾಪ್ ಮೌಂಟ್, ಸ್ಟೀರಿಂಗಿಂದ ಚಕ್ರ ತಿರುಗಿಸೋ ಟೈ ರಾಡ್‌ನ ಎರಡು ತುದಿ, ಟೈರ್ ನೆಲ ಮುಟ್ಟೋ ಜಾಗದ ಮಧ್ಯ, ಪ್ರತಿಯೊಂದಕ್ಕೂ ನಡುಗೆರೆಯಿಂದ ಎಷ್ಟು ದೂರ, ನೆಲದಿಂದ ಎಷ್ಟು ಎತ್ತರ ಬರ್ಕೊಳ್ಳಿ. ಬಾಲ್ ಜಾಯಿಂಟಲ್ಲಿ ನಟ್ ಅಲ್ಲ, ಒಳಗಿನ ಗುಂಡಿನ ಮಧ್ಯ ಬೇಕು, ಇಲ್ಲಿ 5 ಮಿಮೀ ತಪ್ಪಿದ್ರೆ ಉತ್ತರಾನೇ ಬೇರೆ ಆಗೋಗತ್ತೆ.

ಈಗ ಗ್ರಾಫ್ ಶೀಟ್ ತಗೊಳ್ಳಿ. ಟಾಪ್ ಮೌಂಟಿಂದ ಸ್ಟ್ರಟ್‌ಗೆ 90 ಡಿಗ್ರೀಲಿ ಕಾರಿನ ಒಳಗಡೆಗೆ ಒಂದು ಗೆರೆ, ಲೋವರ್ ಆರ್ಮ್‌ನೇ ಅದೇ ಕಡೆ ಉದ್ದ ಮಾಡಿ ಇನ್ನೊಂದು ಗೆರೆ (ಮೇಲೆ ಕೆಳಗೆ ಎರಡು ಆರ್ಮ್ ಇರೋ ಡಬಲ್ ವಿಶ್‌ಬೋನ್ ಗಾಡಿ ಆದ್ರೆ ಮೊದಲನೇ ಗೆರೆ ಬದಲು ಮೇಲಿನ ಆರ್ಮ್ ಗೆರೆ). ಎರಡೂ ಸೇರೋ ಜಾಗ ಇನ್‌ಸ್ಟಂಟ್ ಸೆಂಟರ್. ಅಲ್ಲಿಂದ ಟೈರ್ ನೆಲ ಮುಟ್ಟೋ ಬಿಂದುಗೆ ಗೆರೆ ಎಳೀರಿ, ಅದು ಕಾರಿನ ನಡುಗೆರೆನ ದಾಟೋ ಎತ್ತರಾನೇ ರೋಲ್ ಸೆಂಟರ್.

ಒಂದು ಲೆಕ್ಕ ನೋಡಿ. ಆರ್ಮ್ ಒಳತುದಿ ನಡುಗೆರೆಯಿಂದ 300, ಎತ್ತರ 200. ಬಾಲ್ ಜಾಯಿಂಟ್ 620, ಎತ್ತರ 170. ಟಾಪ್ ಮೌಂಟ್ 540, ಎತ್ತರ 700. ಟೈರ್ ಮಧ್ಯ 680, ಎಲ್ಲಾ ಮಿಮೀಲಿ. ರೋಲ್ ಸೆಂಟರ್ ಸುಮಾರು 113 ಮಿಮೀ ಎತ್ತರದಲ್ಲಿ ಬರತ್ತೆ. ಬಾಡಿ 40 ಮಿಮೀ ಇಳಿಸಿ, ಅಂದ್ರೆ ಆರ್ಮ್ ಒಳತುದಿ 160, ಟಾಪ್ ಮೌಂಟ್ 660, ಬಾಲ್ ಜಾಯಿಂಟ್ ಇದ್ದಲ್ಲೇ. ಈಗ ಅದು ಬರೀ 9 ಮಿಮೀ! ಕಾರ್ ಇಳಿದಿದ್ದು 40, ರೋಲ್ ಸೆಂಟರ್ ಇಳಿದಿದ್ದು 104, ಅಂದ್ರೆ ಬಾಡಿನ ವಾಲಿಸೋ ಸನ್ನೆ (ಗುರುತ್ವ ಕೇಂದ್ರಕ್ಕೂ ರೋಲ್ ಸೆಂಟರ್‌ಗೂ ಇರೋ ಅಂತರ) ಇನ್ನೂ 64 ಮಿಮೀ ಉದ್ದ ಆಯ್ತು, ಅದಕ್ಕೇ ತಗ್ಗಿಸಿದ ಮೇಲೂ ಗಾಡಿ ವಾಲತ್ತೆ, ಆಮೇಲೆ ಜನ ಸ್ಪ್ರಿಂಗ್ ಇನ್ನೂ ಗಟ್ಟಿ ಮಾಡ್ತಾ ಹೋಗ್ತಾರೆ. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು) ಕಥೆನೂ ಅಷ್ಟೇ, ಇನ್ನೊಂದು 50 ಮಿಮೀ ಒತ್ತೋದ್ರೊಳಗೆ ಇನ್‌ಸ್ಟಂಟ್ ಸೆಂಟರ್‌ಗೆ ಎಳೆದ ಆ ಎರಡು ಗೆರೆ ಪ್ಯಾರಲಲ್ ಆಗತ್ತೆ, ಅದಾದ್ಮೇಲೆ ಚಕ್ರ ಪಾಸಿಟಿವ್ ಕಡೆಗೆ, ಅಂದ್ರೆ ಮೇಲ್ತುದಿ ಹೊರಗೆ, ವಾಲತ್ತೆ.

ಮದ್ದು ಅಂದ್ರೆ ಸ್ಟ್ರಟ್ ಬುಡಕ್ಕೂ ಸ್ಟೀರಿಂಗ್ ಆರ್ಮ್‌ಗೂ ಮಧ್ಯ ಸ್ಪೇಸರ್. ಇದೇ ಲೆಕ್ಕದಲ್ಲಿ 25 ಮಿಮೀದು ಹಾಕಿದ್ರೆ ರೋಲ್ ಸೆಂಟರ್ 70ರ ಹತ್ರ ವಾಪಸ್ ಬರತ್ತೆ. ಕೊಳ್ಳೋ ಮುಂಚೆ ರಿಮ್ ಒಳಗೆ ಜಾಗ ಇದ್ಯಾ ನೋಡಿ, ಚಿಕ್ಕ ರಿಮ್‌ಗೆ ಬಾಲ್ ಜಾಯಿಂಟ್ ತಾಗತ್ತೆ. 240ಝಡ್ ಥರ ಟೈ ರಾಡೂ ಬಾಲ್ ಜಾಯಿಂಟೂ ಒಂದೇ ಸ್ಟೀರಿಂಗ್ ಆರ್ಮಲ್ಲಿದ್ರೆ ಎರಡೂ ಒಟ್ಟಿಗೆ ಇಳಿಯತ್ತೆ, ಒಳ್ಳೇದು. ಬಾಲ್ ಜಾಯಿಂಟ್ ಮಾತ್ರ ಇಳಿಯೋ ಗಾಡಿ ಆದ್ರೆ ಬಂಪ್ ಸ್ಟೀರ್ ಶುರು, ಅಂದ್ರೆ ಚಕ್ರ ಮೇಲೆ ಕೆಳಗೆ ಹೋದಾಗ ತಾನಾಗೇ ತಿರುಗತ್ತೆ.

ಅದನ್ನ ಊಹೆ ಮಾಡ್ಬೇಡಿ, ಅಳೀರಿ. ಕಾರ್ ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ (ಬರೀ ಜ್ಯಾಕ್ ನಂಬಿ ಕೆಳಗೆ ತಲೆ ಹಾಕ್ಬೇಡಿ), ಸ್ಪ್ರಿಂಗ್ ತೆಗೀರಿ, ಆಂಟಿ ರೋಲ್ ಬಾರ್ ಬಿಚ್ಚಿ, ಸ್ಟೀರಿಂಗ್ ನೇರ ಇಟ್ಟು ಕಟ್ಟಿ, ಆರ್ಮ್ ಕೆಳಗೆ ಜ್ಯಾಕ್ ಕೊಟ್ಟು 10-10 ಮಿಮೀ ಮೇಲೆ ಎತ್ತುತ್ತಾ ಪ್ರತಿ ಸಲ ಟೋ (ಮೇಲಿಂದ ನೋಡಿದಾಗ ಚಕ್ರದ ಮುಂಭಾಗ ಎಷ್ಟು ಒಳಗೆ ಅಥವಾ ಹೊರಗೆ ತಿರುಗಿದೆ ಅನ್ನೋದು) ಬರ್ಕೊಳ್ಳಿ. 400 ಮಿಮೀ ವ್ಯಾಸದ ರಿಮ್‌ಗೆ 1 ಮಿಮೀ ಟೋ ಅಂದ್ರೆ ಹೆಚ್ಚುಕಮ್ಮಿ 0.14 ಡಿಗ್ರಿ. ಟೈ ರಾಡ್ ಆಕ್ಸಲ್ ಹಿಂದೆ ಇದ್ದು, ಚಕ್ರ ಮೇಲೆ ಹೋದಾಗ ಟೋ ಔಟ್ ಆಗ್ತಿದ್ರೆ ಟೈ ರಾಡ್ ಹೊರತುದಿ ಜಾಸ್ತಿ ಮೇಲಿದೆ ಅಂತ ಅರ್ಥ, ಶಿಮ್ (ತೆಳು ಬಿಲ್ಲೆ) ಕೊಟ್ಟು ಇಳಿಸಿ. ಆಕ್ಸಲ್ ಮುಂದೆ ಇದ್ರೆ ಅದೇ ತಪ್ಪು ಟೋ ಇನ್ ಆಗಿ ಕಾಣತ್ತೆ. ಬೇಸರದ ಕೆಲಸ, ಅರ್ಧ ದಿನ ಹೋಗತ್ತೆ.

ಕ್ಯಾಂಬರ್‌ಗೆ ಅದೇ ನಟ್ ಕಟ್ಟಿದ ದಾರ ಸಾಕು, 400 ಮಿಮೀ ರಿಮ್‌ನ ಮೇಲಂಚಿಗೂ ಕೆಳಂಚಿಗೂ ದಾರದಿಂದ ಇರೋ ದೂರದಲ್ಲಿ 7 ಮಿಮೀ ವ್ಯತ್ಯಾಸ ಬಂದ್ರೆ 1 ಡಿಗ್ರಿ. ಸೆಟ್ ಮಾಡುವಾಗ ಮೊದಲು ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗೋ ಅಕ್ಷದ ವಾಲು), ಆಮೇಲೆ ಕ್ಯಾಂಬರ್, ಕೊನೇಲಿ ಟೋ, ಯಾಕಂದ್ರೆ ಮುಂಚಿನದು ಅಲ್ಲಾಡಿಸಿದ್ರೆ ಟೋ ಕೆಡತ್ತೆ. ಆರ್ಮ್‌ನ ರಬ್ಬರ್ ಬುಷ್ ಬೋಲ್ಟನ್ನ ಚಕ್ರ ನೇತಾಡ್ತಿರುವಾಗ ಟೈಟ್ ಮಾಡ್ಬೇಡಿ, ಕಾರ್ ನೆಲಕ್ಕಿಳಿಸಿ ಎರಡು ಸಲ ಮೇಲಿಂದ ಒತ್ತಿ ಕೂರಿಸಿದ್ಮೇಲೆ ಟೈಟ್ ಮಾಡಿ, ಇಲ್ಲಾಂದ್ರೆ ರಬ್ಬರ್ ತಿರುಚ್ಕೊಂಡೇ ಕೂತು ಬೇಗ ಹರಿಯತ್ತೆ, ಕಾರಿನ ಎತ್ತರಾನೂ ನೀವು ಅಳೆದ ಹಾಗೆ ಇರಲ್ಲ.