ಎಂಟು ಮಂದಿ, ಎರಡು ಊರು: ಸೋಲ್–ಟೋಕಿಯೊ ಪ್ರವಾಸದ ಯೋಜನೆ ಹೀಗಿರಲಿ

ಸೋಲ್‌ನ ಸಾಮಾನ್ಯ ಟ್ಯಾಕ್ಸಿಯಲ್ಲಿ ನಾಲ್ಕೇ ಜನಕ್ಕೆ ಜಾಗ. ಟೋಕಿಯೊದ ಪುಟ್ಟ ರಾಮೆನ್ (ಸಾರಿನ ನೂಡಲ್ಸ್) ಅಂಗಡಿಯಲ್ಲಿ ಗೋಡೆಗೆ ಮುಖಮಾಡಿ ಎಂಟೋ ಹತ್ತೋ ಸ್ಟೂಲುಗಳು, ಅಷ್ಟೇ. ಹೋಟೆಲ್ ಕೋಣೆ ಇಬ್ಬರ ಅಳತೆಯದು. ಮೂರನೆಯವರಿಗೆ ಹಾಸಿಗೆ ಹಾಸಲು ಹಲವು ಕಡೆ ನೆಲವೇ ಉಳಿದಿರುವುದಿಲ್ಲ. ಎಂಟು ಜನ ಒಂದೇ ಹಿಂಡಾಗಿ ತಿರುಗಲು ಹೊರಟರೆ ಅರ್ಧ ದಿನ ಕಾಯುವುದರಲ್ಲೇ ಹೋಗುತ್ತದೆ. ಹಾಗಾಗಿ ಮೊದಲ ದಿನವೇ ಇದನ್ನು ನಾಲ್ವರ ಎರಡು ತಂಡಗಳ ಪ್ರವಾಸವೆಂದು ತೀರ್ಮಾನಿಸಿಬಿಡಿ. ವಿಮಾನ ಒಂದೇ, ಹೋಟೆಲ್ ಒಂದೇ, ದಿನಕ್ಕೊಮ್ಮೆ ಎಲ್ಲರೂ ಸೇರುವ ಹೊತ್ತು ಒಂದು, ಮಿಕ್ಕಿದ್ದೆಲ್ಲ ನಾಲ್ಕು–ನಾಲ್ಕು. ಇಲ್ಲಿನ ಲೆಕ್ಕ ಎಂಟು ಮಂದಿಗೆ, ಒಂಬತ್ತು ರಾತ್ರಿಗೆ: ಸೋಲ್‌ನಲ್ಲಿ 4, ಟೋಕಿಯೊದಲ್ಲಿ 5.

ತಂಡ ಹಂಚುವಾಗ ಸ್ನೇಹಕ್ಕಿಂತ ನಡಿಗೆಯ ವೇಗ ನೋಡಿ. ಬೆಳಿಗ್ಗೆ ಆರಕ್ಕೆ ಏಳುವವರು ಒಂದು ಕಡೆ, ಒಂಬತ್ತಕ್ಕೆ ಏಳುವವರು ಇನ್ನೊಂದು ಕಡೆ ಇದ್ದರೆ ಜಗಳ ಅರ್ಧ ಕಡಿಮೆ. ಪ್ರತಿ ತಂಡಕ್ಕೂ ದಾರಿ ನೋಡುವವರೊಬ್ಬರು, ಹಣ ನೋಡಿಕೊಳ್ಳುವವರೊಬ್ಬರು ಇರಲಿ. ಎರಡನ್ನೂ ಒಬ್ಬರ ತಲೆಗೇ ಕಟ್ಟಬೇಡಿ; ಮೂರನೇ ದಿನಕ್ಕೆ ಅವರು ಸೋತಿರುತ್ತಾರೆ.

ಯಾವ ಊರು ಮೊದಲು?

ಇದನ್ನು ಋತು ನಿರ್ಧರಿಸಲಿ. ಚೆರ್ರಿ ಹೂ ಟೋಕಿಯೊದಲ್ಲಿ ಸಾಮಾನ್ಯವಾಗಿ ಮಾರ್ಚ್ ಕೊನೆಯ ವಾರದ ಹೊತ್ತಿಗೆ, ಸೋಲ್‌ನಲ್ಲಿ ಏಪ್ರಿಲ್ ಮೊದಲ ದಿನಗಳಲ್ಲಿ ಅರಳುತ್ತದೆ. ವಸಂತಕ್ಕೆ ಹೋಗುವವರು ಟೋಕಿಯೊದಿಂದ ಶುರುಮಾಡಿ ಸೋಲ್‌ಗೆ ಬಂದರೆ ಹೂವಿನ ಬೆನ್ನು ಹತ್ತಿದಂತೆ. ಶರತ್ಕಾಲದಲ್ಲಿ ತಿರುಗುಮುರುಗು: ಸೋಲ್‌ನ ಎಲೆಗಳು ಅಕ್ಟೋಬರ್ ಕೊನೆ, ನವೆಂಬರ್ ಮೊದಲಲ್ಲೇ ಕೆಂಪೇರುತ್ತವೆ, ಟೋಕಿಯೊ ನವೆಂಬರ್ ಕೊನೆಯವರೆಗೂ ಕಾಯಿಸುತ್ತದೆ. ಆಗ ಸೋಲ್ ಮೊದಲು. ಮುಂದಿನ ವಿವರಗಳು ಈ ಶರತ್ಕಾಲದ ಕ್ರಮವನ್ನೇ ಹಿಡಿದಿವೆ. ಎರಡೂ ಊರಿನ ಗಡಿಯಾರ ಒಂದೇ ಆದ್ದರಿಂದ ಕ್ರಮ ಬದಲಾದರೂ ನಿದ್ದೆ ಕೆಡುವುದಿಲ್ಲ.

ಬಿಡಬೇಕಾದ ದಿನಗಳೂ ಇವೆ. ಏಪ್ರಿಲ್ 29ರಿಂದ ಮೇ 5ರ ಆಸುಪಾಸಿನ ಗೋಲ್ಡನ್ ವೀಕ್, ಆಗಸ್ಟ್ ಮಧ್ಯದ ಓಬೋನ್, ವರ್ಷಾಂತ್ಯದ ರಜೆ ಜಪಾನಿನಲ್ಲಿ. ಚಾಂದ್ರಮಾನ ಹೊಸವರ್ಷವಾದ ಸೊಲ್ಲಾಲ್ ಮತ್ತು ಸುಗ್ಗಿಯ ಚುಸೋಕ್ ಕೊರಿಯಾದಲ್ಲಿ. ಈ ಕೊನೆಯ ಎರಡರ ದಿನಾಂಕ ಪ್ರತಿವರ್ಷ ಬದಲಾಗುತ್ತದೆ, ಆ ದಿನ ಸಣ್ಣ ಅಂಗಡಿ–ಹೋಟೆಲುಗಳು ಬಾಗಿಲು ಹಾಕುತ್ತವೆ. ಜೂನ್ ಮಧ್ಯದಿಂದ ಜುಲೈವರೆಗೆ ಎರಡೂ ಕಡೆ ಮಳೆಗಾಲ.

ವಾರದ ದಿನವನ್ನೂ ಲೆಕ್ಕ ಹಾಕಿ. ಸೋಲ್‌ನ ಗ್ಯೊಂಗ್‌ಬೊಕ್‌ಗುಂಗ್ ಅರಮನೆಗೆ ಮಂಗಳವಾರ ರಜೆ, ಛಾಂಗ್‌ಡೊಕ್‌ಗುಂಗ್‌ಗೆ ಸೋಮವಾರ. ಟೋಕಿಯೊದ ಹಲವು ಮ್ಯೂಸಿಯಂಗಳಿಗೂ ಸೋಮವಾರ ರಜೆ.

ವಿಮಾನ: ಎಂಟು ಸೀಟು ಒಟ್ಟಿಗೆ ಹುಡುಕಬೇಡಿ

ವಿಮಾನ ಕಂಪನಿಗಳು ಒಂದೇ ವಿಮಾನದ ಸೀಟುಗಳನ್ನು ಬೇರೆ ಬೇರೆ ದರದ ಕಟ್ಟುಗಳಾಗಿ ಮಾರುತ್ತವೆ. ಅಗ್ಗದ ಕಟ್ಟಿನಲ್ಲಿ ಮೂರೇ ಸೀಟು ಉಳಿದಿರುವಾಗ ನೀವು ಎಂಟು ಕೇಳಿದರೆ ಎಂಟಕ್ಕೂ ಮೇಲಿನ ದರವೇ ಬೀಳುತ್ತದೆ. ಮೊದಲು 1, ಆಮೇಲೆ 2, 4, 8 ಎಂದು ಹುಡುಕಿ; ದರ ಎಲ್ಲಿ ಜಿಗಿಯುತ್ತದೋ ಅದಕ್ಕಿಂತ ಕೆಳಗೆ ನಿಂತು ಬುಕ್ ಮಾಡಿ. ನಾಲ್ಕು–ನಾಲ್ಕರ ಎರಡು ಬುಕಿಂಗ್‌ಗೆ ಇನ್ನೊಂದು ಲಾಭವೂ ಇದೆ: ಒಬ್ಬರ ಕಾರ್ಯಕ್ರಮ ಬದಲಾದರೆ ಕೆದಕಬೇಕಾದದ್ದು ಅರ್ಧ ತಂಡದ ಟಿಕೆಟ್ ಮಾತ್ರ. ಸಾಮಾನ್ಯ ಬುಕಿಂಗ್ ಒಂದಕ್ಕೆ 9 ಹೆಸರು ಗರಿಷ್ಠ. 10 ಅಥವಾ ಹೆಚ್ಚು ಮಂದಿಯಿದ್ದರೆ ಕಂಪನಿಯಲ್ಲಿ ಗುಂಪಿನ ದರ ಕೇಳಬೇಕು; ಅದು ಯಾವಾಗಲೂ ಅಗ್ಗವಾಗಿರುತ್ತದೆ ಅಂತಲ್ಲ, ಆದರೆ ಮುಂಗಡ ಕೊಟ್ಟು ಸೀಟು ಹಿಡಿದು ಹೆಸರು ನಂತರ ಕೊಡುವ ಅವಕಾಶ ಸಾಮಾನ್ಯವಾಗಿ ಇರುತ್ತದೆ.

ಹೋಗುವುದು ಸೋಲ್‌ಗೆ, ಹಿಂತಿರುಗುವುದು ಟೋಕಿಯೊದಿಂದ ಎಂದು ‘ಮಲ್ಟಿ ಸಿಟಿ’ ಟಿಕೆಟ್ ತೆಗೆಸಿ. ಸೋಲ್‌ಗೇ ಹೋಗಿಬರುವ ಟಿಕೆಟ್ ಕೊಂಡು ಟೋಕಿಯೊದಿಂದ ಮತ್ತೆ ಸೋಲ್‌ಗೆ ಹಾರಿ ಬಂದರೆ ಒಂದು ದಿನ ದಂಡ. ಜತೆಗೆ ಎರಡು ಟಿಕೆಟ್ ಬೇರೆ ಬೇರೆಯಾಗಿದ್ದು ಲಗೇಜು ಇಳಿಸಿಕೊಂಡು ಮತ್ತೆ ಚೆಕ್‌ಇನ್ ಮಾಡಬೇಕಾದರೆ ಕೊರಿಯಾದೊಳಗೆ ಎರಡನೇ ಸಲ ಕಾಲಿಟ್ಟಂತೆ. ಒಂದೇ ಪ್ರವೇಶದ ವೀಸಾ ಇದ್ದವರು ಅಲ್ಲಿ ಸಿಕ್ಕಿಬೀಳುತ್ತಾರೆ.

ನಡುವಿನ ಹಾರಾಟಕ್ಕೆ ಸೋಲ್‌ನ ಗಿಂಪೊದಿಂದ ಟೋಕಿಯೊದ ಹನೇಡಾಕ್ಕೆ ಹೋಗುವ ಮಾರ್ಗವೇ ಉತ್ತಮ. ಸುಮಾರು ಎರಡೂಕಾಲು ಗಂಟೆಯ ಪಯಣ, ಎರಡೂ ನಿಲ್ದಾಣ ಊರಿಗೆ ಹತ್ತಿರ. ಇಂಚಿಯಾನ್–ನರಿಟಾ ಟಿಕೆಟ್ ಅಗ್ಗವಾಗಿ ಕಾಣಬಹುದು. ಆದರೆ ಇಂಚಿಯಾನ್ ಸೋಲ್‌ನಿಂದ ಸುಮಾರು 50 ಕಿ.ಮೀ., ನರಿಟಾ ಟೋಕಿಯೊ ನಡುಭಾಗದಿಂದ ಸುಮಾರು 60 ಕಿ.ಮೀ. ದೂರ. ರೈಲಿನ ದರ, ಕಡಿಮೆ ದರದ ವಿಮಾನದಲ್ಲಿ ಪ್ರತ್ಯೇಕವಾಗಿ ಕೊಡಬೇಕಾದ ಲಗೇಜು ಶುಲ್ಕ ಎರಡನ್ನೂ ಎಂಟರಿಂದ ಗುಣಿಸಿ ನೋಡಿದ ಮೇಲೆ ನಿರ್ಧರಿಸಿ. ಪವರ್ ಬ್ಯಾಂಕ್ ಚೆಕ್‌ಇನ್ ಲಗೇಜಿನಲ್ಲಿ ಹೋಗುವಂತಿಲ್ಲ. 2025ರಿಂದ ಎರಡೂ ದೇಶಗಳ ವಿಮಾನಗಳಲ್ಲಿ ತಲೆ ಮೇಲಿನ ಗೂಡಿಗೂ ಹಾಕಬಾರದು, ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕು.

ವೀಸಾ, ಔಷಧಿ

ಎರಡೂ ದೇಶಗಳ ಪ್ರವೇಶ ನಿಯಮ ಬೇರೆ ಬೇರೆ, ಅದೂ ಪ್ರತಿಯೊಬ್ಬರ ಪಾಸ್‌ಪೋರ್ಟ್‌ಗೆ ತಕ್ಕಂತೆ. ಗುಂಪಿನಲ್ಲಿ ಯಾರದ್ದಾದರೂ ಪಾಸ್‌ಪೋರ್ಟ್ ಬೇರೆ ದೇಶದ್ದಾದರೆ ಅವರದ್ದನ್ನು ಪ್ರತ್ಯೇಕವಾಗಿ ನೋಡಿ. ಒಂದೇ ಪ್ರವೇಶದ ಪ್ರವಾಸಿ ವೀಸಾವನ್ನು ಸಾಮಾನ್ಯವಾಗಿ ಕೊಟ್ಟ ದಿನದಿಂದ 3 ತಿಂಗಳೊಳಗೆ ಬಳಸಬೇಕು. ಆರು ತಿಂಗಳ ಮೊದಲೇ ಅರ್ಜಿ ಹಾಕುವ ಅತಿ ಉತ್ಸಾಹ ಇಲ್ಲಿ ಕೈಕೊಡುತ್ತದೆ. ಎರಡೂ ಅರ್ಜಿಗೆ ಅದೇ ಪಾಸ್‌ಪೋರ್ಟ್ ಬೇಕಾಗುವುದರಿಂದ ಒಂದರ ಹಿಂದೆ ಒಂದು ಹಾಕಬೇಕು. ಹೊರಡುವ ಎರಡೂವರೆ ತಿಂಗಳ ಮುಂಚೆ ಮೊದಲನೆಯದು ಒಳಗೆ ಹೋಗಿರಲಿ. ವಿಮಾನ ಹತ್ತುವ ಮುನ್ನ ಎಂಟೂ ಜನ ಜಪಾನ್ ಸರ್ಕಾರದ ಪ್ರವೇಶ ತಾಣವಾದ ‘ವಿಸಿಟ್ ಜಪಾನ್ ವೆಬ್’ನಲ್ಲಿ ವಿವರ ತುಂಬಿ ಕ್ಯುಆರ್ ಕೋಡ್‌ನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಔಷಧಿಯ ವಿಷಯದಲ್ಲಿ ಜಪಾನ್ ಬಹಳ ಕಟ್ಟುನಿಟ್ಟು. ಶೀತಕ್ಕೆಂದು ಎಲ್ಲೆಡೆ ಕೊಡುವ ಮಾತ್ರೆಯಲ್ಲಿ ಸ್ಯೂಡೊಎಫೆಡ್ರಿನ್ ಶೇ 10ಕ್ಕಿಂತ ಹೆಚ್ಚಿದ್ದರೆ ಒಯ್ಯುವಂತಿಲ್ಲ. ಗಮನ ಕೊರತೆಗೆ ಕೊಡುವ ಆಂಫೆಟಮಿನ್ ಜಾತಿಯ ಮಾತ್ರೆಗೆ ವೈದ್ಯರ ಚೀಟಿಯಿದ್ದರೂ ಪ್ರವೇಶವಿಲ್ಲ. ವೈದ್ಯರು ಬರೆದುಕೊಟ್ಟ ಔಷಧಿ ಒಂದು ತಿಂಗಳಿಗಿಂತ ಹೆಚ್ಚಿನ ಪ್ರಮಾಣದಲ್ಲಿದ್ದರೆ ಮುಂಚಿತ ಅನುಮತಿ ಪತ್ರ ಬೇಕು. ಎಂಟೂ ಜನರ ಮಾತ್ರೆಗಳ ಪಟ್ಟಿಯನ್ನು ತಿಂಗಳ ಮೊದಲೇ ಮಾಡಿ.

ಕೋಣೆ ಹಿಡಿಯುವಾಗ

ಲಗೇಜಿನೊಂದಿಗೆ ರೈಲು ಬದಲಿಸುವುದೇ ಗುಂಪಿನ ದೊಡ್ಡ ಶತ್ರು. ಸೋಲ್‌ನಲ್ಲಿ ಹೊಂಗ್‌ಡೆ ಪ್ರದೇಶ ಹಿಡಿದರೆ, ಎಲ್ಲ ನಿಲ್ದಾಣಗಳಲ್ಲಿ ನಿಲ್ಲುವ ವಿಮಾನ ನಿಲ್ದಾಣ ರೈಲು ಇಂಚಿಯಾನ್‌ನಿಂದ ನೇರ ಅಲ್ಲಿಗೆ ಬರುತ್ತದೆ. ಹೊರಡುವ ದಿನ ಅದೇ ಮಾರ್ಗ ಗಿಂಪೊಗೆ ಒಯ್ಯುತ್ತದೆ. (ನಿಲ್ಲದೆ ಓಡುವ ಎಕ್ಸ್‌ಪ್ರೆಸ್ ಒಂದನೇ ಟರ್ಮಿನಲ್‌ನಿಂದ 43 ನಿಮಿಷಕ್ಕೆ ಸೋಲ್ ಸ್ಟೇಷನ್ ಮುಟ್ಟುತ್ತದೆ, ಆದರೆ ಹೊಂಗ್‌ಡೆಯಲ್ಲಿ ನಿಲ್ಲುವುದಿಲ್ಲ.) ಟೋಕಿಯೊದಲ್ಲಿ ಅಸಾಕುಸಾ ಇದೇ ಕಾರಣಕ್ಕೆ ಅನುಕೂಲ: ಅಸಾಕುಸಾ ಮೆಟ್ರೊ ಮಾರ್ಗದ ಮೂಲಕ ಹನೇಡಾ, ನರಿಟಾ ಎರಡಕ್ಕೂ ನೇರ ರೈಲುಗಳಿವೆ. ಎರಡೂ ಕಡೆ ಬದಲಿಸುವಿಕೆ ಸೊನ್ನೆ.

ಜಪಾನಿನ ಹೋಟೆಲ್‌ಗಳಲ್ಲಿ ‘ಡಬಲ್’ ಎಂದರೆ ಒಂದೇ ಹಾಸಿಗೆ. ‘ಸೆಮಿ ಡಬಲ್’ ಎಂದರೆ ಸುಮಾರು 120 ಸೆಂ.ಮೀ. ಅಗಲದ ಹಾಸಿಗೆ, ಅದರಲ್ಲಿ ಇಬ್ಬರು. ಸ್ನೇಹಿತರಿಬ್ಬರಿಗೆ ಬೇಕಾದ್ದು ‘ಟ್ವಿನ್’. ಎಂಟು ಮಂದಿಗೆ ನಾಲ್ಕು ಟ್ವಿನ್, ಉಚಿತವಾಗಿ ರದ್ದು ಮಾಡಬಹುದಾದ ದರದಲ್ಲಿ, ಐದಾರು ತಿಂಗಳ ಮೊದಲೇ ಹಿಡಿದಿಡಿ. ಅಲ್ಲಿ ದರ ತಲೆಲೆಕ್ಕದಲ್ಲಿ ಬದಲಾಗುವುದು ಸಾಮಾನ್ಯ. ಇಬ್ಬರಿರುವ ಕೋಣೆಗೆ ಒಬ್ಬರೆಂದು ನಮೂದಿಸಿದರೆ ಚೆಕ್‌ಇನ್ ಮೇಜಿನ ಮುಂದೆ ಮುಜುಗರ. ಕೋಣೆ ಸಿಗುವುದು ಮಧ್ಯಾಹ್ನ ಮೂರಕ್ಕೆ, ಆದರೆ ಪೆಟ್ಟಿಗೆಗಳನ್ನು ಬೆಳಿಗ್ಗೆಯೇ ಒಪ್ಪಿಸಿ ಹೊರಡಬಹುದು.

ಪ್ಲಗ್ ಮರೆಯಬೇಡಿ. ಕೊರಿಯಾ 220 ವೋಲ್ಟ್, ದುಂಡು ಪಿನ್ನು. ಜಪಾನ್ 100 ವೋಲ್ಟ್, ಚಪ್ಪಟೆ ಪಿನ್ನು. ಚಾರ್ಜರ್ ಮೇಲೆ ‘100–240’ ಎಂದಿದ್ದರೆ ಅಡಾಪ್ಟರ್ ಸಾಕು. ಬೇರೆ ವೋಲ್ಟೇಜಿನ ಹೇರ್ ಡ್ರೈಯರ್ ಮನೆಯಲ್ಲೇ ಇರಲಿ.

ಮುಂಗಡ ಟಿಕೆಟ್ ಯಾವುದಕ್ಕೆ?

ಎಲ್ಲದಕ್ಕೂ ಬೇಡ. ಸೆನ್ಸೋಜಿ ದೇಗುಲ, ಮೆಇಜಿ ಮಂದಿರಗಳಿಗೆ ಟಿಕೆಟ್ಟೇ ಇಲ್ಲ. ಗ್ಯೊಂಗ್‌ಬೊಕ್‌ಗುಂಗ್‌ಗೆ ಬಾಗಿಲಲ್ಲೇ ಸಿಗುತ್ತದೆ, ಹಾನ್‌ಬೊಕ್ ಉಡುಪು ತೊಟ್ಟವರಿಗೆ ಪ್ರವೇಶ ಉಚಿತ. ಆದರೆ ಟೋಕಿಯೊ ಪಕ್ಕದ ಮಿತಾಕಾದಲ್ಲಿರುವ, ಅನಿಮೇಷನ್ ಚಿತ್ರಗಳ ಘಿಬ್ಲಿ ಮ್ಯೂಸಿಯಂ ಬಾಗಿಲಲ್ಲಿ ಟಿಕೆಟ್ ಮಾರುವುದಿಲ್ಲ. ಮುಂದಿನ ತಿಂಗಳ ಟಿಕೆಟ್‌ಗಳು ಪ್ರತಿ ತಿಂಗಳ 10ರಂದು ಜಪಾನ್ ಕಾಲಮಾನ ಬೆಳಿಗ್ಗೆ 10ಕ್ಕೆ ಆನ್‌ಲೈನ್‌ನಲ್ಲಿ ತೆರೆಯುತ್ತವೆ. ಇಬ್ಬರು ಎರಡು ಫೋನ್ ಹಿಡಿದು ತಲಾ ನಾಲ್ಕು ಕೊಳ್ಳಿ. ಹೆಸರು ನೋಂದಾಯಿಸಿದವರು ಪಾಸ್‌ಪೋರ್ಟ್‌ನೊಂದಿಗೆ ತಮ್ಮ ತಂಡದ ಜತೆಗೇ ಇರಬೇಕು. ಟೋಕಿಯೊವನ್ನು ಎತ್ತರದಿಂದ ನೋಡುವ ಶಿಬುಯಾ ಸ್ಕೈ ಮಹಡಿಯಲ್ಲಿ ಮೊದಲು ಮುಗಿಯುವುದು ಸೂರ್ಯಾಸ್ತದ ಹೊತ್ತಿನ ಟಿಕೆಟ್‌ಗಳು. ಛಾಂಗ್‌ಡೊಕ್‌ಗುಂಗ್‌ನ ಹಿಂದಿನ ‘ರಹಸ್ಯ ಉದ್ಯಾನ’ಕ್ಕೂ ದಿನದ ಮಿತಿಯಿದೆ, ಮುಂಗಡ ಕಾಯ್ದಿರಿಸಿ.

ಉತ್ತರ ಕೊರಿಯಾ ಗಡಿಯ ಸೇನಾಮುಕ್ತ ವಲಯಕ್ಕೆ ಹೋಗುವುದಾದರೆ ಪಾಸ್‌ಪೋರ್ಟ್‌ನ ಮೂಲಪ್ರತಿ ಬೇಕು, ಫೋನಿನ ಚಿತ್ರ ನಡೆಯದು. ಭದ್ರತೆಯ ಕಾರಣಕ್ಕೆ ಕೊನೆಗಳಿಗೆಯಲ್ಲಿ ರದ್ದಾಗುವುದೂ ಉಂಟು. ಇದನ್ನು ಸೋಲ್‌ನ ಎರಡನೇ ದಿನಕ್ಕೆ ಇಡಿ. ತಪ್ಪಿದರೆ ಮತ್ತೊಂದು ದಿನ ಕೈಯಲ್ಲಿರುತ್ತದೆ. ಸೋಲ್‌ನೊಳಗಿನ ಬುಕ್‌ಚೊನ್‌ನ ಹಳೆಯ ಮನೆಗಳ ಓಣಿಗಳಲ್ಲಿ ಇನ್ನೂ ಜನ ಬಾಳುತ್ತಿದ್ದಾರೆ. ಅಲ್ಲಿನ ಕೆಂಪು ವಲಯಕ್ಕೆ ಪ್ರವಾಸಿಗರು ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಮಾತ್ರ ಹೋಗಬಹುದು, ಮೀರಿದರೆ 1 ಲಕ್ಷ ವೊನ್ ದಂಡ. ಎಂಟು ಜನ ಒಟ್ಟಾಗಿ ಮಾತಾಡುತ್ತ ನಡೆಯುವ ಜಾಗ ಅದಲ್ಲ.

ಊರೊಳಗಿನ ಓಡಾಟ

ಸೋಲ್‌ನಲ್ಲಿ ಟಿ–ಮನಿ, ಟೋಕಿಯೊದಲ್ಲಿ ಸುಯಿಕಾ ಅಥವಾ ಪಾಸ್ಮೊ. ತಲೆಗೊಂದು ಕಾರ್ಡ್ ಬೇಕೇ ಬೇಕು. ಒಂದೇ ಕಾರ್ಡಿನಲ್ಲಿ ಇಬ್ಬರು ಗೇಟು ದಾಟಲಾಗದು. ಟಿ–ಮನಿಗೆ ಹಣ ತುಂಬಲು ನಗದು ಇಟ್ಟುಕೊಳ್ಳಿ. ಸೋಲ್ ಬಸ್ಸಿನಿಂದ ಇಳಿಯುವಾಗಲೂ ಕಾರ್ಡ್ ತಾಗಿಸಿ, ಇಲ್ಲವಾದರೆ ಮುಂದಿನ ರೈಲಿಗೆ ಸಿಗುವ ರಿಯಾಯಿತಿ ಹೋಗುತ್ತದೆ.

ದೇಶವಿಡೀ ರೈಲಿನಲ್ಲಿ ಸುತ್ತುವವರಿಗೆಂದಿರುವ ಜಪಾನ್ ರೈಲ್ ಪಾಸ್ ಕೊಳ್ಳಬೇಡಿ. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಪಾಸ್ 29,650 ಯೆನ್‌ನಿಂದ 50,000ಕ್ಕೆ ಏರಿತು. ಟೋಕಿಯೊದಲ್ಲೇ ಉಳಿಯುವವರಿಗೆ ಅದು ಎಂದೂ ಗಿಟ್ಟುವುದಿಲ್ಲ. 24, 48, 72 ಗಂಟೆಗಳ ಟೋಕಿಯೊ ಸಬ್‌ವೇ ಟಿಕೆಟ್ ಒಳ್ಳೆಯದೇ, ಆದರೆ ಅದು ಟೋಕಿಯೊ ಮೆಟ್ರೊ ಮತ್ತು ತೊಎಯ್ ಮಾರ್ಗಗಳಿಗೆ ಮಾತ್ರ. ಊರನ್ನು ಸುತ್ತುವ ಯಾಮಾನೋತೆ ರೈಲಿಗೆ ಹತ್ತಿದರೆ ಬೇರೆ ದರ.

ಕೊರಿಯಾದಲ್ಲಿ ದಾರಿಗೆ ನೇವರ್ ಮ್ಯಾಪ್ ಹಾಕಿಕೊಳ್ಳಿ. ನಕ್ಷೆಯ ದತ್ತಾಂಶ ಹೊರದೇಶಕ್ಕೆ ಒಯ್ಯಲು ಅಲ್ಲಿನ ಸರ್ಕಾರ ನಿರ್ಬಂಧ ಹಾಕಿದ್ದರಿಂದ ಗೂಗಲ್ ಮ್ಯಾಪ್‌ನ ನಡಿಗೆ ದಾರಿ ವರ್ಷಗಟ್ಟಲೆ ಅಲ್ಲಿ ನೆರವಿಗೆ ಬರಲಿಲ್ಲ.

ಗುಂಪು ಚದುರುವುದು ರೈಲಿನ ಬಾಗಿಲಲ್ಲಿ. ನಿಯಮ ಮೊದಲೇ ಹೇಳಿರಿ: ಒಳಗೆ ಹೋದವರು ಮುಂದಿನ ನಿಲುಗಡೆಯಲ್ಲಿ ಇಳಿದು ಅದೇ ಪ್ಲಾಟ್‌ಫಾರಂನಲ್ಲಿ ನಿಲ್ಲುವುದು, ಹೊರಗುಳಿದವರು ಅದೇ ಬಗೆಯ ಮುಂದಿನ ರೈಲಿನಲ್ಲಿ ಬರುವುದು. ‘ಅದೇ ಬಗೆ’ ಮುಖ್ಯ. ಎಕ್ಸ್‌ಪ್ರೆಸ್ ಮತ್ತು ಲೋಕಲ್ ರೈಲುಗಳ ನಿಲುಗಡೆ ಬೇರೆ. ಸೇರುವ ಜಾಗವನ್ನು ‘ಶಿಂಜುಕು ಸ್ಟೇಷನ್’ ಎಂದು ಹೇಳಿದರೆ ಹೇಳದಂತೆಯೇ, ಅದಕ್ಕೆ 200ಕ್ಕೂ ಹೆಚ್ಚು ದ್ವಾರಗಳಿವೆ. ದ್ವಾರದ ಹೆಸರು, ಗೇಟಿನ ಒಳಗೋ ಹೊರಗೋ ಎರಡನ್ನೂ ಬರೆದು ಕಳಿಸಿ.

ಊಟ ಮತ್ತು ದುಡ್ಡು

ಮಧ್ಯಾಹ್ನದ ಊಟಕ್ಕೆ 11.30ರೊಳಗೆ ಹೋಗಿ, ಹನ್ನೆರಡಕ್ಕೆ ಕಚೇರಿಯವರು ಬರುತ್ತಾರೆ. ಸೋಲ್‌ನಲ್ಲಿ ಬಾಣಲೆ, ಕೆಂಡದ ಮೇಲಿನ ಎಷ್ಟೋ ಅಡುಗೆ ಕನಿಷ್ಠ ಇಬ್ಬರ ಪಾಲು, ನಾಲ್ವರ ತಂಡಕ್ಕೆ ಹೇಳಿ ಮಾಡಿಸಿದ್ದು. ಎಂಟೂ ಜನ ಸೇರುವ ರಾತ್ರಿಯೂಟವನ್ನು ಪ್ರತಿ ಊರಿನಲ್ಲಿ ಒಂದೇ ಇಟ್ಟು ಮುಂಗಡ ಕಾಯ್ದಿರಿಸಿ. ಟೋಕಿಯೊದ ಇಜಕಾಯಾಗಳಲ್ಲಿ (ಮದ್ಯದ ಜತೆ ತಿನಿಸು ಕೊಡುವ ಹೋಟೆಲುಗಳು) ಕೇಳದೇ ಬರುವ ಪುಟ್ಟ ಬಟ್ಟಲಿಗೆ ತಲೆಗಿಷ್ಟೆಂದು ದರವಿದೆ. ಅದು ಕೂರುವ ಶುಲ್ಕ, ಮೋಸವಲ್ಲ. ಟಿಪ್ಸ್ ಎರಡೂ ಕಡೆ ರೂಢಿಯಲ್ಲಿಲ್ಲ.

ಸಸ್ಯಾಹಾರಿಗಳಿದ್ದರೆ ‘ಮಾಂಸ ಬೇಡ’ ಎಂಬ ಮಾತು ಸಾಲದು. ಕಿಮ್ಚಿಗೆ ಉಪ್ಪಿನ ಸಿಗಡಿಯೋ ಮೀನಿನ ರಸವೋ ಬಿದ್ದಿರುತ್ತದೆ. ಜಪಾನಿನ ಮಿಸೊ ಸಾರು, ಉಡಾನ್ ತಿಳಿ, ಬೇಯಿಸಿದ ತರಕಾರಿಗೂ ಆಧಾರ ದಾಶಿ, ಅಂದರೆ ಒಣಮೀನಿನ ಕಷಾಯ. ಮೀನು, ಸಿಗಡಿ, ದಾಶಿ, ಮೊಟ್ಟೆ ಎಂದು ಒಂದೊಂದನ್ನೂ ಹೆಸರಿಸಿ ಕೊರಿಯನ್, ಜಪಾನಿ ಎರಡರಲ್ಲೂ ಬರೆದ ಚೀಟಿ ಇಟ್ಟುಕೊಳ್ಳಿ. ಸೋಲ್‌ನ ಇನ್ಸಾಡಾಂಗ್ ಸುತ್ತ ಬೌದ್ಧ ವಿಹಾರದ ಅಡುಗೆಯ ಹೋಟೆಲುಗಳಿವೆ; ಜಪಾನಿನಲ್ಲಿ ಅದೇ ಬಗೆಯ ಅಡುಗೆಗೆ ಶೋಜಿನ್ ರ‍್ಯೋರಿ ಎನ್ನುತ್ತಾರೆ.

ಪ್ರತಿ ತಂಡಕ್ಕೆ ಎಲ್ಲರೂ ದುಡ್ಡು ಹಾಕುವ ಒಂದು ಚೀಲ ಇರಲಿ. ಟ್ಯಾಕ್ಸಿ, ಒಟ್ಟಿಗಿನ ಊಟ, ಲಾಕರ್ ಅದರಿಂದ. ಮದ್ಯ, ಖರೀದಿ, ರೈಲು ಕಾರ್ಡ್ ಅವರವರದ್ದು. ವೊನ್ ಲೆಕ್ಕವನ್ನು ಸೋಲ್‌ನ ಕೊನೆಯ ರಾತ್ರಿಯೇ ಮುಗಿಸಿ. ಅದನ್ನು ಯೆನ್ ಜತೆ ಬೆರೆಸಿದರೆ ಮನೆಗೆ ಬಂದ ಮೇಲೂ ಬಗೆಹರಿಯದು. ಕಾರ್ಡ್ ಉಜ್ಜುವಾಗ ಯಂತ್ರ ಯಾವ ಹಣದಲ್ಲಿ ಎಂದು ಕೇಳಿದರೆ ಸೋಲ್‌ನಲ್ಲಿ ವೊನ್, ಟೋಕಿಯೊದಲ್ಲಿ ಯೆನ್ ಒತ್ತಿ. ನಿಮ್ಮ ಹಣ ಆರಿಸಿದರೆ ವಿನಿಮಯ ದರದಲ್ಲಿ ಕಳೆದುಕೊಳ್ಳುತ್ತೀರಿ. ಟೋಕಿಯೊದಲ್ಲಿ ತಲಾ ದಿನಕ್ಕೆ 3,000 ಯೆನ್ ನಗದು ಕೈಯಲ್ಲಿರಲಿ. ರಾಮೆನ್ ಅಂಗಡಿಯ ಟಿಕೆಟ್ ಯಂತ್ರ 1,000ದ ನೋಟನ್ನಷ್ಟೇ ನುಂಗುವುದುಂಟು. 2024ರ ಜುಲೈನಲ್ಲಿ ಬಂದ ಹೊಸ ನೋಟುಗಳನ್ನು ಹಳೆಯ ಕೆಲವು ಯಂತ್ರಗಳು ಒಪ್ಪುವುದಿಲ್ಲ.

ಕೊನೆಯ ದಿನ ಪೆಟ್ಟಿಗೆ ಭಾರವಾಗಿರುತ್ತದೆ, ಬೆಳಗಿನ 7.30ರಿಂದ 9.30ರವರೆಗೆ ರೈಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ವಿಮಾನ ಮಧ್ಯಾಹ್ನದ್ದಾದರೆ ಹೋಟೆಲ್‌ನಿಂದಲೇ ಕೊರಿಯರ್ ಮೂಲಕ ದೊಡ್ಡ ಪೆಟ್ಟಿಗೆಗಳನ್ನು ಎರಡು ದಿನ ಮುಂಚೆ ವಿಮಾನ ನಿಲ್ದಾಣಕ್ಕೆ ಕಳಿಸಬಹುದು. ತಾವೇ ಒಯ್ಯುವವರು ಅಸಾಕುಸಾ ಸ್ಟೇಷನ್‌ನ ಲಿಫ್ಟ್ ಯಾವ ದ್ವಾರದಲ್ಲಿದೆ ಎಂದು ಹಿಂದಿನ ಸಂಜೆ ನೋಡಿಟ್ಟುಕೊಳ್ಳಿ, ಎಲ್ಲ ದ್ವಾರಗಳಲ್ಲೂ ಇಲ್ಲ. ಟಿಕೆಟ್‌ನಲ್ಲಿ ಹನೇಡಾ ಇದೆಯೋ ನರಿಟಾ ಇದೆಯೋ ಇನ್ನೊಮ್ಮೆ ಓದಿ: ಆ ಸ್ಟೇಷನ್‌ನಲ್ಲಿ ಒಂದು ಪ್ಲಾಟ್‌ಫಾರಂನ ರೈಲುಗಳು ಹನೇಡಾದ ದಿಕ್ಕಿಗೆ, ಎದುರಿನವು ನರಿಟಾದ ದಿಕ್ಕಿಗೆ ಹೋಗುತ್ತವೆ.