ದೆಹಲಿಗೆ ಹೋಗದೆ ಬೆನೆಗಲ್ ಶಿವರಾವ್ ಬಗ್ಗೆ ಬರೆದದ್ದು

ಮಂಗಳೂರಲ್ಲಿ ಹುಟ್ಟಿ ದೆಹಲಿಯಲ್ಲಿ ಪತ್ರಕರ್ತರೂ ಸಂಸದರೂ ಆಗಿದ್ದ ಶಿವರಾವ್ ಮೇಲೆ ಪುಸ್ತಕ ಮಾಡುತ್ತೇನೆ ಅಂದಾಗ ಮಂಗಳೂರಿನ ಗೆಳೆಯರದ್ದು ಒಂದೇ ಮಾತು: "ದೆಹಲಿಗೆ ಹೋಗದೆ ಅದೆಲ್ಲ ಆಗ್ಲಿಕ್ಕಿಲ್ಲ ಮಾರಾಯ್ರೆ." ಆಯಿತಲ್ಲ ಈಗ! ಸುಮಾರು 60 ಪುಟ, 300 ಪ್ರತಿ, ಮಳೆಗಾಲ ಮುಗಿಯುವುದರೊಳಗೆ ಖಾಲಿ.

ದುಡ್ಡು ಹೋದದ್ದು ಶುರುವಿನಲ್ಲೇ. ಅವರು ದಿ ಹಿಂದೂ ಮತ್ತು ಮ್ಯಾಂಚೆಸ್ಟರ್ ಗಾರ್ಡಿಯನ್ ಎರಡಕ್ಕೂ ದೆಹಲಿಯಿಂದ ಬರೆದವರು. ಹಾಗಾಗಿ ಹಳೆಯ ಪತ್ರಿಕೆಯೇ ದಾರಿ ಅಂತ ನಾಲ್ಕೈದು ಸಾವಿರ ಜೆರಾಕ್ಸಿಗೆ ಸುರಿದೆ. ನೋಡಿದರೆ ಎಲ್ಲವೂ "ನಮ್ಮ ವಿಶೇಷ ಬಾತ್ಮೀದಾರರಿಂದ". ಇವರದ್ದು ಯಾವುದು, ಬೇರೆಯವರದ್ದು ಯಾವುದು, ದೇವರೇ ಬಲ್ಲ.

ಮತ್ತೆ ಹಿಡಿದದ್ದು ಲೋಕಸಭೆಯ ಚರ್ಚೆಗಳನ್ನು. 1952ರಲ್ಲಿ ಗೆದ್ದವರು ಅಂತ ಕರ್ನಾಟಕದ ಪಟ್ಟಿಯಲ್ಲಿ ಹುಡುಕಿದರೆ ಇವರು ಸಿಗುವುದಿಲ್ಲ. ನಮ್ಮ ಜಿಲ್ಲೆ 1956ರವರೆಗೆ ಕಾಸರಗೋಡು ಸಮೇತ ಮದ್ರಾಸಿನಲ್ಲಿತ್ತು ಅಲ್ವಾ? ಮದ್ರಾಸಿನ ಪಟ್ಟಿ ತೆರೆದೆ. ದಕ್ಷಿಣ ಕೆನರಾ ದಕ್ಷಿಣ ಕ್ಷೇತ್ರಕ್ಕೆ ಶಿವರಾವ್, ಉತ್ತರಕ್ಕೆ ಯು. ಶ್ರೀನಿವಾಸ ಮಲ್ಯ.

ಮಂಡೆ ಬಿಸಿ ಮಾಡಿದ್ದು ಆ ಚರ್ಚೆಗಳ ಸ್ಕ್ಯಾನ್. ಒಂದೊಂದು ಪುಟದಲ್ಲಿ ಎರಡು ಕಾಲಂ. ಓಸಿಆರ್ (ಚಿತ್ರದಲ್ಲಿನ ಅಕ್ಷರ ಓದುವ ತಂತ್ರಾಂಶ) ಎಡದ ಸಾಲಿಗೆ ಬಲದ ಸಾಲು ಅಂಟಿಸುತ್ತದೆ. ಶಿವರಾವ್ ಪ್ರಶ್ನೆ ಕೇಳುತ್ತಿರುವಾಗಲೇ ಇನ್ಯಾರದೋ ಉತ್ತರ ನಡುವೆ ಬಂದು ಕೂತಿರುತ್ತದೆ. ಪ್ರತಿ ಪುಟವನ್ನೂ ನಡುವೆ ಸೀಳಿ ಎರಡು ಚಿತ್ರ ಮಾಡಿದ ಮೇಲೆ ಸರಿ ಹೋಯಿತು. ಮಸುಕಾದ ಪುಟ ಓದಿಸಲು ಬೇರೊಂದು ಉಪಾಯ ಉಂಟು. ಅದು ಸದ್ಯ ನನ್ನಲ್ಲೇ ಇರಲಿ.

ಬರೆದದ್ದು ಕೊನೆಯ ವರ್ಷಗಳಿಂದ ಹುಟ್ಟಿನ ಕಡೆಗೆ. 1960ರ ದಶಕದಲ್ಲಿ ಅವರು ಸಂಪಾದಿಸಿದ ಸಂವಿಧಾನ ರಚನೆಯ ಸಂಪುಟಗಳಿಂದ ಶುರು, ಆಮೇಲೆ ರಾಜ್ಯಸಭೆ, ಲೋಕಸಭೆ, ಸಂವಿಧಾನ ಸಭೆ, ಆನಿ ಬೆಸೆಂಟರ ಜೊತೆಗಿನ ದಿನಗಳು. 1891ರ ಮಂಗಳೂರು ಕೊನೆಗೆ. ಹುಟ್ಟಿನಿಂದ ಹೊರಟವರು ಸಂಸತ್ತು ಮುಟ್ಟುವ ಮೊದಲೇ ಸುಸ್ತಾಗುತ್ತಾರೆ, ಬೇಕಾದಷ್ಟು ನೋಡಿದ್ದೇನೆ.

ನಡುವೆ ಸುಮ್ನೆ ಅಣ್ಣಂದಿರ ಬೆನ್ನು ಹತ್ತಿದೆ. ನರಸಿಂಗರಾಯರು ಸಂವಿಧಾನ ಸಭೆಯ ಸಲಹೆಗಾರರು. ರಾಮರಾಯರು ರಿಸರ್ವ್ ಬ್ಯಾಂಕಿನ ಗವರ್ನರ್. 1957ರ ಜನವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ಜೊತೆ ಹೊಂದಿಕೆಯಾಗದೆ ಅವರು ಹುದ್ದೆ ಬಿಟ್ಟಾಗ ತಮ್ಮ ಇನ್ನೂ ಲೋಕಸಭಾ ಸದಸ್ಯ. ಇಂಥದ್ದು ಸಿಕ್ಕಿದರೆ ಬಿಡಲು ಮನಸ್ಸು ಬರುತ್ತದಾ? ಅರ್ಧ ಪುಸ್ತಕ ಅಣ್ಣಂದಿರದ್ದೇ ಆಯಿತು. ಕತ್ತರಿಸಿ ನಾಲ್ಕು ಪುಟಕ್ಕೆ ಇಳಿಸಿದೆ.

ಅಚ್ಚಿಗೆ 18 ಸಾವಿರದ ಹತ್ತಿರ ಹೋಯಿತು. ಬೆಲೆ 80 ರೂಪಾಯಿ. ಅಂಗಡಿಯವರ ಕಮಿಷನ್ ಕಳೆದು ಅಚ್ಚಿನ ದುಡ್ಡು ಮಾತ್ರ ಕೈಗೆ ಬಂತು. ಎರಡನೇ ಮುದ್ರಣಕ್ಕೆ 100 ಇಡುತ್ತೇನೆ.